ಸ್ಪ್ರಿಂಗು ಬಿಗಿಯಾದರೆ ಪಿಸ್ತೂಲು ಗಟ್ಟಿಯಾದಂತೆಯೇ?

ಚಕಮಕಿ

ನನ್ನಲ್ಲಿರುವುದು 1911 ಮಾದರಿಯ, .45 ಎಸಿಪಿ ತೋಟಾಗಾಗಿ ತಯಾರಾದ, ಬೇರೊಬ್ಬರ ಕೈದಾಟಿ ಬಂದ ಅರೆ-ಸ್ವಯಂಚಾಲಿತ ಪಿಸ್ತೂಲು. ಅದರಲ್ಲಿ ಹೆಚ್ಚು ಬಿರುಸಾದ .45 ಸೂಪರ್ ತೋಟಾ ಬಳಸಬೇಕೆಂಬ ಆಸೆಯಿಂದ ಸ್ಲೈಡನ್ನು (ಗುಂಡು ಹಾರಿದಾಗ ಹಿಂದಕ್ಕೆ ಸರಿಯುವ ಮೇಲ್ಭಾಗ) ಮತ್ತೆ ಮುಂದಕ್ಕೆ ತಳ್ಳುವ, ಮೂಲದ 16 ಪೌಂಡಿನ ರಿಕಾಯಿಲ್ ಸ್ಪ್ರಿಂಗನ್ನು ತೆಗೆದು 24 ಪೌಂಡಿನದನ್ನು ಹಾಕಿದೆ. ಎರಡೂ ತೋಟಾಗಳ ಹೊರ ಅಳತೆ ಒಂದೇ ಆಗಿರುವುದರಿಂದ ಅದು ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡಿನಲ್ಲಿ, ಸಲೀಸಾಗಿ ಕುಳಿತಿತು. ಹನ್ನೆರಡು ಗುಂಡು ಹಾರಿಸಿದೆ, ಹನ್ನೆರಡೂ ಹಾರಿದವು. ಆದರೆ ಹೊರಬಿದ್ದ ಹಿತ್ತಾಳೆ ಕೇಸುಗಳನ್ನು ಆರಿಸಿ ಬೆರಳುಗಳ ನಡುವೆ ಉರುಳಿಸಿದಾಗ, ಪ್ರತಿಯೊಂದರ ಬುಡದಿಂದ ಸ್ವಲ್ಪ ಮೇಲೆ, ಒಂದೇ ಪಕ್ಕದಲ್ಲಿ, ಉಗುರಿಗೆ ತಗಲುವಷ್ಟು ಉಬ್ಬು ಇತ್ತು. ಕ್ಯಾಲಿಪರ್ ಹಿಡಿದು ನೋಡಿದೆ. ಅಲ್ಲಿ ವ್ಯಾಸ 12.1 ಮಿ.ಮೀ. ಇರಬೇಕಾದದ್ದು 12.4 ಇದೆ.

ನನ್ನ ಪ್ರಶ್ನೆ ಇಷ್ಟೆ. ಸ್ಪ್ರಿಂಗು ಇನ್ನೂ ಸಾಲದೇ? 26 ಅಥವಾ 28 ಪೌಂಡಿನದನ್ನು ಹಾಕಿದರೆ ಈ ಉಬ್ಬು ನಿಲ್ಲುತ್ತದೆಯೇ?

ಹಳೆಯ ಲೇತು

ಚಕಮಕಿಯವರೇ, ಮೊದಲು ಆ ತೋಟಾಗಳನ್ನು ಪಿಸ್ತೂಲಿನಿಂದ ದೂರವಿಡಿ, ಆಮೇಲೆ ಓದಿ. ಉಬ್ಬಿಗೂ ಸ್ಪ್ರಿಂಗಿಗೂ ಸಂಬಂಧವಿಲ್ಲ. 28 ಅಲ್ಲ, 40 ಪೌಂಡಿನ ಸ್ಪ್ರಿಂಗು ಹಾಕಿದರೂ ಅದು ಅಲ್ಲೇ ಇರುತ್ತದೆ.

ಕೇಸಿನ ಬುಡವನ್ನು ಯಾವುದು ಹಿಡಿದಿರುತ್ತದೆ ಎಂಬುದನ್ನು ಒಮ್ಮೆ ಕಣ್ಣಾರೆ ನೋಡಿ. ಪಿಸ್ತೂಲು ಖಾಲಿ ಇದೆಯೆಂದು ಎರಡು ಬಾರಿ ಖಚಿತಪಡಿಸಿಕೊಂಡು, ನಳಿಗೆಯನ್ನು ಹೊರತೆಗೆದು, ಖಾಲಿ ಕೇಸೊಂದನ್ನು ಚೇಂಬರಿನಲ್ಲಿ ಇಳಿಸಿ ಹಿಂಬದಿಯಿಂದ ನೋಡಿದರೆ, ಕೆಳಭಾಗದಲ್ಲಿ ಉಕ್ಕು ಇಲ್ಲದ, ಬರಿಯ ಹಿತ್ತಾಳೆ ಕಾಣುವ ಅರ್ಧಚಂದ್ರಾಕಾರದ ಜಾಗವೊಂದು ಕಾಣುತ್ತದೆ. ಮ್ಯಾಗಜೀನಿನಿಂದ ತೋಟಾ ಜಾರಿ ಮೇಲೇರಲೆಂದು ಅಲ್ಲಿ ಇಳಿಜಾರು ಕೊರೆದಿರುತ್ತಾರೆ. ಹಳೆಯ 1911 ವಿನ್ಯಾಸದಲ್ಲಿ ಈ ಇಳಿಜಾರಿನ ಹೆಚ್ಚಿನ ಪಾಲು ಫ್ರೇಮಿನಲ್ಲಿ, ಅಂದರೆ ಹಿಡಿಯಿರುವ ಕೆಳಭಾಗದಲ್ಲಿದ್ದು, ಮೇಲಿನ ತುದಿ ಮಾತ್ರ ನಳಿಗೆಯಲ್ಲಿದೆ. ಆ ತುದಿಯ ಜಾಗದಲ್ಲಿ ಗುಂಡಿನ ಒತ್ತಡವನ್ನು ತಡೆಯುವುದು ಉಕ್ಕಲ್ಲ, ಹಿತ್ತಾಳೆ ಮಾತ್ರ. .45 ಎಸಿಪಿಯ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 21,000 ಪೌಂಡು, ಅಂದರೆ 21,000 ಪಿಎಸ್‌ಐ ಆದ್ದರಿಂದ ಅಲ್ಲಿನ ದಪ್ಪ ಹಿತ್ತಾಳೆ ಅದನ್ನು ತಾಳಿಕೊಂಡು ನೂರು ವರ್ಷ ಕಳೆದಿದೆ. .45 ಸೂಪರಿನದು 28,000, ಅಂದರೆ ಮೂರನೇ ಒಂದು ಪಾಲು ಹೆಚ್ಚು. ಅದರ ಕೇಸನ್ನು ಬುಡದಲ್ಲಿ ದಪ್ಪವಾಗಿಸಿರುವುದೇ ಈ ಕಾರಣಕ್ಕೆ. ಹಾಗಿದ್ದೂ ನಿಮ್ಮಲ್ಲಿ ಉಬ್ಬಿದೆ ಎಂದರೆ ನಿಮ್ಮ ಚೇಂಬರಿನಲ್ಲಿ ಆಧಾರವಿಲ್ಲದ ಜಾಗ ಸಾಮಾನ್ಯಕ್ಕಿಂತ ದೊಡ್ಡದಿರಬೇಕೆಂಬುದು ನನ್ನ ಅನುಮಾನ.

ಉಬ್ಬಿನ ಮುಂದಿನ ಹಂತ ಸೀಳು. ಸೀಳಿದಾಗ ಬಿಸಿ ಅನಿಲ ಇಳಿಜಾರಿನ ಮೂಲಕ ಕೆಳಗೆ ನುಗ್ಗುತ್ತದೆ. ಕೆಳಗಿರುವುದು ಮ್ಯಾಗಜೀನು ಮತ್ತು ಅದನ್ನು ಹಿಡಿದ ನಿಮ್ಮ ಅಂಗೈ.

ಅರ್ಧವೃತ್ತ

ಹಳೆಯ ಲೇತು ಅವರ ಮಾತಿಗೆ ನನ್ನ ಸಹಮತವಿದೆ, ಆದರೆ "ಸ್ಪ್ರಿಂಗಿಗೆ ಸಂಬಂಧವಿಲ್ಲ" ಎಂಬುದನ್ನು ಲೆಕ್ಕ ಹಾಕಿ ತೋರಿಸದಿದ್ದರೆ ಯಾರೂ ನಂಬುವುದಿಲ್ಲ. ನಾನೂ ಬಹುಕಾಲ ನಂಬಿರಲಿಲ್ಲ.

230 ಗ್ರೇನಿನ, ಅಂದರೆ 14.9 ಗ್ರಾಮಿನ ಗುಂಡು ಸೆಕೆಂಡಿಗೆ 259 ಮೀಟರ್ ವೇಗದಲ್ಲಿ ಹೊರಟರೆ ಅದರ ಸಂವೇಗ ಸುಮಾರು 3.9 ಕೆಜಿ-ಮೀ/ಸೆ. ಅಷ್ಟೇ ಸಂವೇಗ ಹಿಮ್ಮುಖವಾಗಿ, ಒಂದಕ್ಕೊಂದು ಕಚ್ಚಿಕೊಂಡಿರುವ ಸ್ಲೈಡಿಗೂ ನಳಿಗೆಗೂ ಸೇರಿ ಸಿಗುತ್ತದೆ. ಗುಂಡು ನಳಿಗೆಯೊಳಗೆ ಇರುವುದು ಒಂದು ಮಿಲಿಸೆಕೆಂಡಿಗೂ ಕಡಿಮೆ ಕಾಲ. 16 ಪೌಂಡು ಎಂದು ಹೆಸರು ಬರೆದ ಸ್ಪ್ರಿಂಗು ಆ ಬಲವನ್ನು ತೋರುವುದು ಪೂರ್ತಿ ಅದುಮಿದಾಗ. ಸ್ಲೈಡು ಮುಚ್ಚಿರುವಾಗ ಅದರ ಬಲ ಸರಿಸುಮಾರು ಅರ್ಧ, ಅಂದರೆ 35 ನ್ಯೂಟನ್. ಅದನ್ನು ಒಂದು ಮಿಲಿಸೆಕೆಂಡಿಗೆ ಗುಣಿಸಿದರೆ 0.035. ಮೂರೂ ಮುಕ್ಕಾಲಿಗೂ ಮೀರಿದ ಸಂವೇಗದ ಎದುರು ಇದು ನೂರರಲ್ಲಿ ಒಂದು ಪಾಲು. ಗುಂಡು ಒಳಗಿರುವಾಗ ಬಾಗಿಲನ್ನು ಮುಚ್ಚಿಹಿಡಿಯುವುದು ಸ್ಲೈಡಿನ ತೂಕ ಮತ್ತು ಸ್ಲೈಡಿಗೂ ನಳಿಗೆಗೂ ಇರುವ ಉಕ್ಕಿನ ಹಲ್ಲುಗಳ ಕಚ್ಚು. ಆ ಗಳಿಗೆಯಲ್ಲಿ ಕೇಸಿನ ಬುಡ ಸ್ಲೈಡಿನ ಮುಖವನ್ನು ಒಂದು ಟನ್ನಿಗಿಂತ ಹೆಚ್ಚು ಬಲದಿಂದ ತಳ್ಳುತ್ತಿರುತ್ತದೆ. ಅದರ ಮುಂದೆ ಏಳು ಕಿಲೋ ಸ್ಪ್ರಿಂಗಿನ ಪಾತ್ರವೇನು, ನೀವೇ ಹೇಳಿ.

ಮೂರನೇ ಗುರಿ

ಹಾಗಾದರೆ ದುಡ್ಡು ಕೊಟ್ಟು ಬಿಗಿ ಸ್ಪ್ರಿಂಗು ಹಾಕಿಸಿಕೊಳ್ಳುವವರೆಲ್ಲ ಮೂರ್ಖರೇ? ಬಿರುಸಿನ ತೋಟಾ ಹಾಕುವಾಗ ಮೊದಲು ಸ್ಪ್ರಿಂಗು ಬದಲಿಸಬೇಕೆಂದು ಅನುಭವಸ್ಥರೇ ಹೇಳುತ್ತಾರೆ. ನಾನು 18.5 ಪೌಂಡಿನದನ್ನು ವರ್ಷಗಳಿಂದ ಬಳಸುತ್ತಿದ್ದೇನೆ, ಪೆಟ್ಟು ಮೆದುವಾಗಿರುವುದು ಕೈಗೆ ತಿಳಿಯುತ್ತದೆ.

ಅರ್ಧವೃತ್ತ

ಮೂರ್ಖರಲ್ಲ. ಅವರು ಬೇರೆ ಕೆಲಸಕ್ಕೆ ಹಾಕುತ್ತಾರೆ, ನಾವು ಬೇರೆ ಕೆಲಸವನ್ನು ಅದರಿಂದ ನಿರೀಕ್ಷಿಸುತ್ತೇವೆ. ಗುಂಡು ಹೊರಟು, ನಳಿಗೆ ಕೆಳಗಿಳಿದು ಕಚ್ಚು ಬಿಟ್ಟ ಮೇಲೆ ಸ್ಲೈಡು ಒಂಟಿಯಾಗಿ ಹಿಂದಕ್ಕೆ ಓಡಿ ಫ್ರೇಮಿಗೆ ಬಡಿಯುತ್ತದೆ. ಆ ಬಡಿತವನ್ನು ಸ್ವಲ್ಪ ತಗ್ಗಿಸುವುದು ಸ್ಪ್ರಿಂಗಿನ ನಿಜವಾದ ಕೆಲಸ. ಸ್ವಲ್ಪ ಎಂಬ ಮಾತಿಗೂ ಲೆಕ್ಕವಿದೆ. ಸುಮಾರು 370 ಗ್ರಾಮಿನ ಸ್ಲೈಡು ಸೆಕೆಂಡಿಗೆ 8 ಮೀಟರಿನಂತೆ ಹೊರಟರೆ ಅದರಲ್ಲಿ 12 ಜೌಲ್ ಶಕ್ತಿ ಇರುತ್ತದೆ. 16 ಪೌಂಡಿನ ಸ್ಪ್ರಿಂಗು ಇಡೀ ಓಟದಲ್ಲಿ ನುಂಗುವುದು ಎರಡೂವರೆಯಿಂದ ಮೂರು ಜೌಲ್. ಉಳಿದದ್ದರಲ್ಲಿ ಒಂದಿಷ್ಟು ಹ್ಯಾಮರನ್ನು ಹಿಂದಕ್ಕೆ ಮಡಿಸುವುದಕ್ಕೂ ಮ್ಯಾಗಜೀನಿನ ಮೇಲಿನ ತೋಟಾದ ಉಜ್ಜುವಿಕೆಗೂ ಹೋಗಿ, ಮಿಕ್ಕದ್ದೆಲ್ಲ ಫ್ರೇಮಿಗೆ.

ಈಗ ಅದೇ 230 ಗ್ರೇನಿನ ಗುಂಡನ್ನು ಸೆಕೆಂಡಿಗೆ 335 ಮೀಟರಿಗೆ ಏರಿಸಿ. .45 ಸೂಪರಿನ ವೇಗ ಅಷ್ಟರ ಆಸುಪಾಸಿನದು. ಸಂವೇಗ ನೂರಕ್ಕೆ 29ರಷ್ಟು ಏರಿದರೆ ಸ್ಲೈಡಿನ ಶಕ್ತಿ ಅದರ ವರ್ಗದಂತೆ, ನೂರಕ್ಕೆ 67ರಷ್ಟು ಏರುತ್ತದೆ. 12 ಇದ್ದದ್ದು 20 ಜೌಲ್ ಆಯಿತು. 24 ಪೌಂಡಿನ ಸ್ಪ್ರಿಂಗು ಹೆಚ್ಚೆಂದರೆ 4 ಜೌಲ್ ನುಂಗುತ್ತದೆ. ಎಂಟು ಜೌಲ್ ಹೆಚ್ಚು ಬಂದಿದೆ, ಒಂದೂವರೆಯಷ್ಟೂ ಹೆಚ್ಚು ತಡೆಯಲಾಗಿಲ್ಲ.

ಬಿಗಿ ಸ್ಪ್ರಿಂಗು ಸಾಲವನ್ನೂ ತರುತ್ತದೆ. ಹೋದಾಗ ನುಂಗಿದ ಶಕ್ತಿಯನ್ನು ಬರುವಾಗ ಕಕ್ಕುವುದರಿಂದ ಸ್ಲೈಡು ಮುಂದಕ್ಕೆ ಹೆಚ್ಚು ರಭಸದಿಂದ ಬಂದು ಅಪ್ಪಳಿಸುತ್ತದೆ. ಆಗ ಏಟು ತಿನ್ನುವುದು ನಳಿಗೆಯ ಕೆಳಗಿನ ಪಾದಗಳು ಮತ್ತು ಸ್ಲೈಡ್-ಸ್ಟಾಪಿನ ಪಿನ್ನು. ಮ್ಯಾಗಜೀನಿನ ಸ್ಪ್ರಿಂಗು ಹಳೆಯದಾಗಿದ್ದರೆ ಮುಂದಿನ ತೋಟಾ ಮೇಲೇರುವಷ್ಟರಲ್ಲಿ ಸ್ಲೈಡು ಅದನ್ನು ದಾಟಿಯೇ ಹೋಗಿರುತ್ತದೆ. ಮೂರನೇ ಗುರಿಯವರೇ, ನಿಮ್ಮ 18.5 ಪೌಂಡು ಸಾಮಾನ್ಯ ತೋಟಾಗೆ ತಕ್ಕದ್ದೇ. ಅದರ ಬಗ್ಗೆ ನನ್ನ ತಕರಾರಿಲ್ಲ.

ತಿರುಪುಮೊಳೆ

ಸ್ಲೈಡನ್ನು ನಿಧಾನಗೊಳಿಸುವುದಕ್ಕೆ ಸ್ಪ್ರಿಂಗಿಗಿಂತ ಸೊಗಸಾದ ಉಪಾಯ 1911ರೊಳಗೇ ಅಡಗಿದೆ ಎಂಬುದನ್ನು ಯಾರೂ ಹೇಳಲಿಲ್ಲ. ಸ್ಲೈಡು ಹಿಂದಕ್ಕೆ ಹೊರಡುವಾಗ ಮೊದಲು ತಳ್ಳಬೇಕಾದದ್ದು ಹ್ಯಾಮರನ್ನು. ತಳ್ಳುವ ಭಾಗ ಫೈರಿಂಗ್-ಪಿನ್ ಸ್ಟಾಪ್ ಎಂಬ ಚಿಕ್ಕ ತಗಡಿನ ಕೆಳ ಅಂಚು. ಆ ಅಂಚಿನ ದುಂಡು ದೊಡ್ಡದಿದ್ದರೆ ಸ್ಲೈಡು ಹ್ಯಾಮರನ್ನು ಅದರ ಕೀಲಿನಿಂದ ದೂರದಲ್ಲಿ ಒತ್ತುತ್ತದೆ, ಸನ್ನೆಗೋಲು ಉದ್ದವಾಗಿ ಹ್ಯಾಮರು ಸುಲಭವಾಗಿ ಮಡಿಯುತ್ತದೆ. ದುಂಡು ಚಿಕ್ಕದಿದ್ದರೆ ಒತ್ತುವ ಬಿಂದು ಕೀಲಿಗೆ ಹತ್ತಿರವಾಗಿ, ಸ್ಲೈಡು ಮೊದಲ ಕೆಲವು ಮಿಲಿಮೀಟರಿನಲ್ಲೇ ಹೆಣಗಬೇಕಾಗುತ್ತದೆ. 1911ರ ವಿನ್ಯಾಸಕ ಬ್ರೌನಿಂಗ್ ಅವರ ಮೂಲ ವಿನ್ಯಾಸದಲ್ಲಿ ದುಂಡು ಚಿಕ್ಕದೇ ಇತ್ತು. ಕೈಯಿಂದ ಸ್ಲೈಡು ಎಳೆಯಲು ಸುಲಭವಾಗಲೆಂದು ಅದನ್ನು ಆಮೇಲೆ ದೊಡ್ಡದು ಮಾಡಲಾಯಿತು. ಹೋಗುವಾಗ ತಡೆದರೂ ಬರುವಾಗ ಏನನ್ನೂ ಹಿಂದಿರುಗಿಸದಿರುವುದು ಇದರ ವಿಶೇಷ.

ಆದರೂ ಚಕಮಕಿಯವರ ಉಬ್ಬನ್ನು ಇದು ಕೂಡ ಸರಿಪಡಿಸುವುದಿಲ್ಲ. ಸ್ಲೈಡಿನ ವೇಗ ಒಂದು ರೋಗ, ಕೇಸಿನ ಆಧಾರ ಇನ್ನೊಂದು ರೋಗ.

ಹಳೆಯ ಲೇತು

ತಿರುಪುಮೊಳೆಯವರು ಹೇಳಿದ ಎರಡನೇ ರೋಗಕ್ಕೆ ದೊಡ್ಡ ಇತಿಹಾಸವಿದೆ. 1980ರ ದಶಕದ ಆರಂಭದಲ್ಲಿ ಐಪಿಎಸ್‌ಸಿ ಎಂಬ ಪಿಸ್ತೂಲು ಗುರಿ ಸ್ಪರ್ಧೆಗಳಲ್ಲಿ ಹೆಚ್ಚು ಅಂಕ ಸಿಗುವ "ಮೇಜರ್" ವರ್ಗಕ್ಕೆ ಗುಂಡಿನ ತೂಕವನ್ನು ವೇಗದಿಂದ ಗುಣಿಸಿ, ಸಾವಿರದಿಂದ ಭಾಗಿಸಿದಾಗ 175 ಬರಬೇಕಿತ್ತು. ತೂಕ ಗ್ರೇನಿನಲ್ಲಿ, ವೇಗ ಸೆಕೆಂಡಿಗೆ ಅಡಿಯಲ್ಲಿ. 230 ಗ್ರೇನಿನ .45 ಗುಂಡು 761 ಅಡಿ ವೇಗದಲ್ಲಿ ಆರಾಮವಾಗಿ ಇದನ್ನು ಮುಟ್ಟುತ್ತದೆ. ರಾಬ್ ಲೇಥಮ್, ಬ್ರಯಾನ್ ಎನೋಸ್ ಮೊದಲಾದ ಸ್ಪರ್ಧಿಗಳು ಹಗುರ ಗುಂಡಿನ .38 ಸೂಪರ್ ತೋಟಾ ಹಿಡಿದು ಬಂದರು. 115 ಗ್ರೇನಿನ ಗುಂಡಾದರೆ ಅದೇ 175ಕ್ಕೆ 1,522 ಅಡಿ ಬೇಕು. ಸಂವೇಗ ಒಂದೇ, ಗುಂಡಿನ ಶಕ್ತಿ ಮಾತ್ರ ಸರಿಯಾಗಿ ಎರಡು ಪಟ್ಟು. ಅದನ್ನು ಗಳಿಸಲು ಹೆಚ್ಚು ಮದ್ದು, ಹೆಚ್ಚು ಒತ್ತಡ, ಹೆಚ್ಚು ಅನಿಲ. ಆ ಹೆಚ್ಚುವರಿ ಅನಿಲವನ್ನು ನಳಿಗೆಯ ತುದಿಯ ಕಾಂಪೆನ್ಸೇಟರಿನಿಂದ ಮೇಲಕ್ಕೆ ಉಗುಳಿಸಿ ಮೂತಿ ಮೇಲೇಳದಂತೆ ಮಾಡಿದರು. ಜಾಣತನವೇ ಸರಿ.

ಬೆಲೆ ತೆತ್ತದ್ದು ಚೇಂಬರಿನ ಆ ಅರ್ಧಚಂದ್ರ. ಆಧಾರವಿಲ್ಲದ ಜಾಗದಲ್ಲಿ ಕೇಸುಗಳು ಸೀಳತೊಡಗಿದವು. ಹಿತ್ತಾಳೆಯ ಚೂರೂ ಮದ್ದಿನ ಕಣವೂ ಮುಖಕ್ಕೆ ಸಿಡಿದವರಿಗೆ "ಸೂಪರ್ ಫೇಸ್" ಎಂಬ ಕುಹಕದ ಹೆಸರೂ ಅಂಟಿತು. ಆಗ ಯಾರೂ ಸ್ಪ್ರಿಂಗಿನಿಂದ ಇದನ್ನು ಪರಿಹರಿಸಲಿಲ್ಲ. ಫ್ರೇಮಿನಲ್ಲಿದ್ದ ಇಳಿಜಾರನ್ನು ತೆಗೆದು, ಇಳಿಜಾರನ್ನು ತನ್ನ ಮೈಯಲ್ಲೇ ಹೊತ್ತ ನಳಿಗೆಯನ್ನು ತಂದರು. ಅದರಿಂದ ಕೇಸಿನ ಬುಡದವರೆಗೂ ಉಕ್ಕು ಬಂತು. ಇದು ಮನೆಯ ಅರದ ಕೆಲಸವಲ್ಲ. ಫ್ರೇಮನ್ನು ಮಿಲ್ಲಿಂಗ್ ಯಂತ್ರದಲ್ಲಿ ಕಡಿಯಬೇಕು, ಕಡಿದ ಫ್ರೇಮಿಗೆ ಹಳೆಯ ನಳಿಗೆ ಮತ್ತೆಂದೂ ಹೊಂದುವುದಿಲ್ಲ.

ಕಪ್ಪು ಹಲಗೆ

ಎಲ್ಲರೂ 1911ರ ಸುತ್ತಲೇ ಗಿರಕಿ ಹೊಡೆಯುತ್ತಿದ್ದೀರಿ, ಹಾಗಾಗಿ ಬೇರೆ ಎರಡು ಉದಾಹರಣೆ ಕೊಡುತ್ತೇನೆ. ಎರಡರಲ್ಲೂ ತೋಟಾ ಚೇಂಬರಿನಲ್ಲಿ ಸರಿಯಾಗಿ ಕುಳಿತಿತ್ತು ಎಂಬುದನ್ನು ಗಮನಿಸಿ.

ಮೊದಲನೆಯದು .38 ಸೂಪರ್‌ನದೇ. ಅದು 1929ರಲ್ಲಿ ಬಂದದ್ದು, 1900ರ .38 ಎಸಿಪಿಯ ಕೇಸಿನಲ್ಲೇ ಹೆಚ್ಚು ಒತ್ತಡ ತುಂಬಿ. ಹಳೆಯ ಕೋಲ್ಟ್ 1900 ಮತ್ತು 1902 ಪಿಸ್ತೂಲುಗಳಲ್ಲಿ ಸ್ಲೈಡು ಹಿಂದಕ್ಕೆ ಕಳಚಿಕೊಳ್ಳದಂತೆ ತಡೆಯುತ್ತಿದ್ದದ್ದು ಮುಂಭಾಗದಲ್ಲಿ ಅಡ್ಡಕ್ಕೆ ತೂರಿಸಿದ ಒಂದು ಬೆಣೆ. ಹೊಸ ತೋಟಾ ಆ ಹಳೆಯ ಚೇಂಬರಿನಲ್ಲಿ ಹಿಡಿಸುತ್ತದೆ. ಬೆಣೆ ಮುರಿದರೆ ಸ್ಲೈಡು ಬರುವುದು ಗುರಿ ಹಿಡಿದವರ ಮುಖಕ್ಕೆ.

ಎರಡನೆಯದು ಸ್ವೀಡನ್ನಿನದು. ಅಲ್ಲಿನ ಸೇನೆ ಕಾರ್ಲ್ ಗುಸ್ತಾವ್ ಸಬ್‌ಮಷಿನ್‌ಗನ್ನಿಗೆಂದು ಬಿರುಸಾದ 9 ಮಿ.ಮೀ. ತೋಟಾ ತಯಾರಿಸಿತು. ಅದೇ ತೋಟಾ ಹುಸ್ಕ್ವಾರ್ನಾ ಎಂ/40 ಪಿಸ್ತೂಲಿಗೂ ಹೋಯಿತು. ಅವುಗಳ ಫ್ರೇಮುಗಳು ಬಿರುಕು ಬಿಟ್ಟವು. ಕೊನೆಗೆ ಅವನ್ನು ಸೇವೆಯಿಂದ ಹಿಂತೆಗೆದು, ಅದಕ್ಕೂ ಹಳೆಯದಾದ ಎಂ/07 ಪಿಸ್ತೂಲನ್ನು ಗೋದಾಮಿನಿಂದ ಹೊರತರಬೇಕಾಯಿತು.

ಈ ಪಾಠವನ್ನು ಕಲಿತು ಮಾಡಿದ ತೋಟಾ .460 ರೋಲಂಡ್. ಅದರ ಒತ್ತಡ .45 ಎಸಿಪಿಗಿಂತ ಸುಮಾರು ಎರಡು ಪಟ್ಟು. ಆದರೆ ಕೇಸನ್ನು ಬೇಕೆಂದೇ 1.5 ಮಿ.ಮೀ. ಉದ್ದ ಮಾಡಿದ್ದಾರೆ, .45 ಎಸಿಪಿಯ ಚೇಂಬರಿನಲ್ಲಿ ಅದು ಕೂರಲೇಬಾರದೆಂದು. ಅದಕ್ಕೆ ಬೇರೆ ನಳಿಗೆ ಬೇಕು, ಜೊತೆಗೆ ಕಾಂಪೆನ್ಸೇಟರು ಕಡ್ಡಾಯ. ಆ ಕಾಂಪೆನ್ಸೇಟರು ನಳಿಗೆಗೆ ತೂಕ ಸೇರಿಸಿ, ಅನಿಲದ ತಳ್ಳುವಿಕೆಯನ್ನು ಮುಂದಕ್ಕೆ ತಿರುಗಿಸಿ, ಸ್ಲೈಡಿನ ಓಟವನ್ನು ತಗ್ಗಿಸುವ ಯಂತ್ರದ ಅಂಗ. ಅಲಂಕಾರವೆಂದು ತಿಳಿದು ಬಿಚ್ಚಿಟ್ಟವರು ತಮ್ಮ ಫ್ರೇಮನ್ನು ತಾವೇ ಬಡಿಯುತ್ತಿದ್ದಾರೆ. .45 ಸೂಪರಿನಲ್ಲಿ ಇಂಥ ಬೇಲಿ ಇಲ್ಲದಿರುವುದೇ ನನ್ನ ದೊಡ್ಡ ಆಕ್ಷೇಪ.

ಮೂರನೇ ಗುರಿ

ತಯಾರಕರು ಪ್ರತಿ ಪಿಸ್ತೂಲನ್ನೂ ಹೆಚ್ಚಿನ ಒತ್ತಡದ ತೋಟಾ ಹಾರಿಸಿಯೇ ಮಾರುತ್ತಾರಲ್ಲ? ಆ ಪರೀಕ್ಷೆಯನ್ನು ಗೆದ್ದ ಮೇಲೆ ಅಷ್ಟು ಒತ್ತಡವನ್ನು ನಾವೂ ಬಳಸಬಹುದಲ್ಲವೇ? 9 ಮಿ.ಮೀ.ನಲ್ಲಿ ಹೆಚ್ಚಿನ ಒತ್ತಡದ ಗುರುತಾಗಿ +ಪಿ+ ಎಂದು ಪೆಟ್ಟಿಗೆಯ ಮೇಲೇ ಬರೆದು ಮಾರುವುದಿಲ್ಲವೇ?

ಕಪ್ಪು ಹಲಗೆ

ಬಂದೂಕು-ತೋಟಾಗಳ ಪರೀಕ್ಷೆಗೆ ಮಾನದಂಡ ಹಾಕುವ ಯುರೋಪಿನ ಸಿಐಪಿ ಸಂಸ್ಥೆಯ ನಿಯಮದಂತೆ 9 ಮಿ.ಮೀ. ಲೂಗರ್ ತೋಟಾದ ಗರಿಷ್ಠ ಒತ್ತಡ 2,350 ಬಾರ್, ಪರೀಕ್ಷೆಯ ತೋಟಾದ್ದು ಅದಕ್ಕಿಂತ ನೂರಕ್ಕೆ 30 ಹೆಚ್ಚು. ಆ ಪರೀಕ್ಷೆ ಕೇಳುವುದು ಬೆರಳೆಣಿಕೆಯ ಗುಂಡಿಗೆ ಲೋಹ ಸಿಡಿಯುತ್ತದೆಯೋ ಇಲ್ಲವೋ ಎಂದು. ಐದು ಸಾವಿರ ಗುಂಡಿನ ನಂತರ ದಣಿಯುತ್ತದೆಯೋ ಎಂದು ಅದು ಕೇಳುವುದಿಲ್ಲ. ತಂತಿಯನ್ನು ಒಮ್ಮೆ ಬಾಗಿಸಿದರೆ ಮುರಿಯದು, ಅದೇ ಜಾಗದಲ್ಲಿ ಬಾಗಿಸುತ್ತಲೇ ಇದ್ದರೆ ಮುರಿಯುತ್ತದೆ. ಇನ್ನು ಅಮೆರಿಕದ ಸಾಮಿ ಸಂಸ್ಥೆ 9 ಮಿ.ಮೀ.ಗೆ 35,000 ಪಿಎಸ್‌ಐ, +ಪಿ ಎಂದರೆ 38,500 ಎಂದು ಗೊತ್ತುಮಾಡಿದೆ. +ಪಿ+ ಎಂಬುದಕ್ಕೆ ಅದು ಯಾವ ಮಿತಿಯನ್ನೂ ಹಾಕಿಲ್ಲ. ಪೆಟ್ಟಿಗೆಯ ಮೇಲಿನ ಎರಡನೇ ಕೂಡು ಚಿಹ್ನೆಗೆ ತಯಾರಕರು ಕೊಟ್ಟದ್ದೇ ಅರ್ಥ.

ಹಳೆಯ ಲೇತು

ದಣಿವಿನ ಮಾತು ಬಂದದ್ದರಿಂದ ಹೇಳುತ್ತೇನೆ. ಬಿರುಸಾದ ತೋಟಾಗೆಂದೇ ಹೊಸದಾಗಿ ತಯಾರಿಸಿದ ಪಿಸ್ತೂಲಿಗೂ ಇದು ತಪ್ಪಿದ್ದಲ್ಲ. 1987ರಲ್ಲಿ ಕೋಲ್ಟ್ 10 ಮಿ.ಮೀ.ಗೆ ಡೆಲ್ಟಾ ಎಲೀಟ್ ತಂದಾಗ, ಸ್ಲೈಡ್-ಸ್ಟಾಪಿನ ಪಿನ್ನು ತೂರುವ ರಂಧ್ರದ ಮೇಲಿನ ತೆಳುವಾದ ಹಳಿಯಲ್ಲಿ ಬಿರುಕು ಕಾಣಿಸುತ್ತಿತ್ತು. ಕೋಲ್ಟ್‌ನ ಪರಿಹಾರ ನನಗೆ ಇವತ್ತಿಗೂ ಇಷ್ಟ: ಆ ತುಣುಕನ್ನೇ ಕಡಿದು ತೆಗೆದರು. ಭಾರ ಹೊರದ ಲೋಹ ಅಲ್ಲಿಲ್ಲದಿದ್ದರೆ ಬಿರುಕಿಗೂ ಜಾಗವಿಲ್ಲ. ಬೆರೆಟ್ಟಾ ಬೇರೆ ದಾರಿ ಹಿಡಿಯಿತು. ಅಮೆರಿಕದ ಸೇನೆಯಲ್ಲಿ ಸ್ಲೈಡುಗಳು ಮುರಿದು ಹಿಂದಕ್ಕೆ ಹಾರಿದ ನಂತರ, 92ಎಫ್‌ಎಸ್‌ನಲ್ಲಿ ಹ್ಯಾಮರಿನ ಪಿನ್ನಿಗೆ ದೊಡ್ಡ ತಲೆ ಕೊಟ್ಟು, ಸ್ಲೈಡಿನಲ್ಲಿ ಅದಕ್ಕೊಂದು ತೋಡು ಕೊರೆದರು. ಸ್ಲೈಡು ಮುರಿದರೂ ಆ ತಲೆಗೆ ಸಿಕ್ಕಿಕೊಂಡು ನಿಲ್ಲುತ್ತದೆ, ಕಣ್ಣಿಗೆ ಬರುವುದಿಲ್ಲ.

ನನ್ನದೇ ಒಂದು ಪ್ರಸಂಗ. ಒಬ್ಬ ಬಂದೂಕು ಕುಶಲಕರ್ಮಿ ನನ್ನ ಪಿಸ್ತೂಲಿಗೆ "ಆಧಾರವುಳ್ಳ" ನಳಿಗೆ ಕೂರಿಸಿಕೊಟ್ಟ. ಮೂರು ತಿಂಗಳ ನಂತರ ಎಲ್ಲಿ ತಾಗುತ್ತದೆಂದು ತಿಳಿಯಲು ಹಲ್ಲುಗಳಿಗೆ ನೀಲಿ ಬಣ್ಣ ಬಳಿದು ನೋಡಿದಾಗ, ಕಚ್ಚಬೇಕಾದ ಎರಡು ಹಲ್ಲುಗಳಲ್ಲಿ ಒಂದು ಮಾತ್ರ, ಅದೂ ಒಂದು ಮೂಲೆಯಲ್ಲಿ, ಭಾರ ಹೊರುತ್ತಿತ್ತು. ಆ ಮೂಲೆ ಮಡಿಸಿದ ಕಾಗದದ ತುದಿಯಂತೆ ಒಳಕ್ಕೆ ಒತ್ತಿಹೋಗಿತ್ತು. ನಳಿಗೆ ಒಳ್ಳೆಯದೇ ಇತ್ತು, ಕೂರಿಸಿದ್ದು ಕೆಟ್ಟಿತ್ತು. ಸಾಮಾನ್ಯ ತೋಟಾದಲ್ಲಿ ಇದು ವರ್ಷಗಟ್ಟಲೆ ಗೊತ್ತಾಗದೆ ಹೋಗುತ್ತಿತ್ತು.

ತಿರುಪುಮೊಳೆ

ಚಕಮಕಿಯವರೇ, ಆ ಹನ್ನೆರಡು ಕೇಸುಗಳ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ, ಬುಡದ ನಡುವಿನ ಬಿಲ್ಲೆ) ಹೇಗಿದೆ? ಮತ್ತು ಇಳಿಜಾರಿನ ಮೇಲ್ತುದಿ ಚೂಪಾಗಿದೆಯೇ, ದುಂಡಗಿದೆಯೇ? ಹಿಂದಿನ ಮಾಲೀಕರು ಹೊಳಪು ಕೊಟ್ಟಿದ್ದರೆ ಅಲ್ಲೇ ಸುಳಿವು ಸಿಗುತ್ತದೆ.

ಚಕಮಕಿ

ಎಲ್ಲರಿಗೂ ಉತ್ತರಿಸಲು ಹತ್ತು ದಿನ ತಡವಾಯಿತು, ಕ್ಷಮಿಸಿ. ನಾನೇ ನೋಡಿ ನಿರ್ಧರಿಸುವ ಬದಲು ಪಿಸ್ತೂಲನ್ನೂ ಕೇಸುಗಳನ್ನೂ ಬೇರೊಬ್ಬ ನುರಿತ ಕುಶಲಕರ್ಮಿಗೆ ಕೊಟ್ಟಿದ್ದೆ.

ಪ್ರೈಮರ್‌ಗಳು ಚಪ್ಪಟೆಯಾಗಿ ಅಂಚಿನವರೆಗೂ ಹರಡಿದ್ದವು. ಫ್ರೇಮಿಗೂ ಸ್ಲೈಡಿಗೂ ಬಣ್ಣದ ದ್ರವ ಹಚ್ಚಿ, ಒರೆಸಿ ನೋಡಿದಾಗ ಎಲ್ಲೂ ಬಿರುಕಿನ ಗೆರೆ ಮೂಡಲಿಲ್ಲ. ನಳಿಗೆಯ ಕೆಳಪಾದಗಳಲ್ಲಿ ಒಂದರ ಅಂಚು ಸ್ವಲ್ಪ ಜಜ್ಜಿದೆ, ಅದು ಬಿಗಿ ಸ್ಪ್ರಿಂಗಿನ ಕೊಡುಗೆಯೋ ಹಳೆಯದೋ ಎಂದು ಹೇಳಲಾಗದು ಎಂದರು. ಇಳಿಜಾರಿನ ವಿಷಯದಲ್ಲಿ ತಿರುಪುಮೊಳೆಯವರ ಊಹೆ ನಿಜವಾಯಿತು. ತೋಟಾ ನಯವಾಗಿ ಏರಲೆಂದು ಯಾರೋ ಸಣ್ಣ ಮೋಟಾರಿನ ಸಾಣೆ ಹಿಡಿದು ಕನ್ನಡಿಯಂತೆ ಹೊಳೆಯಿಸಿದ್ದಾರೆ. ಹೊಳೆಯಿಸುವ ಭರದಲ್ಲಿ ಚೇಂಬರಿನ ಕೆಳ ಅಂಚನ್ನು ಒಂದು ಮಿಲಿಮೀಟರಿಗೂ ಹೆಚ್ಚು ತಿಂದುಹಾಕಿದ್ದಾರೆ. ಆ ಹೊಳಪನ್ನು ನೋಡಿಯೇ ನಾನು ಈ ಪಿಸ್ತೂಲನ್ನು ಮೆಚ್ಚಿ ಕೊಂಡದ್ದು.

ಈ ನಳಿಗೆಯಲ್ಲಿ ಸಾಮಾನ್ಯ .45 ಎಸಿಪಿಯನ್ನೂ ಹಾರಿಸಬಾರದೆಂದು ಅವರು ಹೇಳಿದ್ದಾರೆ. ಕಾರ್ಖಾನೆಯ ಅಳತೆಯ ಹೊಸ ನಳಿಗೆ ಬರುತ್ತಿದೆ, ಅವರೇ ನೀಲಿ ಬಳಿದು ಎರಡೂ ಹಲ್ಲು ಕಚ್ಚುವಂತೆ ಕೂರಿಸುತ್ತಾರೆ. 16 ಪೌಂಡಿನ ಸ್ಪ್ರಿಂಗು ಹಿಂದಿರುಗಿದೆ, ಚಿಕ್ಕ ದುಂಡಿನ ಫೈರಿಂಗ್-ಪಿನ್ ಸ್ಟಾಪನ್ನೂ ಹಾಕಲು ಹೇಳಿದ್ದೇನೆ. ಉಳಿದ ಮೂವತ್ತೆಂಟು .45 ಸೂಪರ್ ತೋಟಾಗಳನ್ನು .45 ಎಸಿಪಿ ಇರುವ ಕಪಾಟಿನಲ್ಲಿ ಇಡುವ ಧೈರ್ಯವಾಗದೆ ಅವರ ಬಳಿಯೇ ಬಿಟ್ಟುಬಂದೆ.